ಭಜನೆ ನಿಂತ ಮಧ್ಯಾಹ್ನ

ಅಪ್ಪ ತೀರಿಕೊಂಡಾಗ ದಾಂಡೇಲಿಯ ಮಿಲ್ ಕ್ವಾರ್ಟರ್ಸಿನಲ್ಲಿ, ಅವನ ಫೋಟೋದ ಮುಂದೆ ಟೇಪ್‌ರೆಕಾರ್ಡರ್ ಹಗಲೆಲ್ಲ ಭಜನೆ ಹಾಡುತ್ತಿತ್ತು. ಒಂದು ಮಧ್ಯಾಹ್ನ ಅದರ ಅಡಾಪ್ಟರ್ ಕೈ ಸುಡುವಷ್ಟು ಕಾದು ಪ್ಲಾಸ್ಟಿಕ್ ಕರಗುವ ವಾಸನೆ ಬಂತು. ನಾನು ಸ್ವಿಚ್ ಆರಿಸಲು ಹೋದರೆ ಕಾಕಾ ಅಡ್ಡ ಬಂದ.

"ಹದಿಮೂರು ದಿನಾ ಮುಗಿಯೂತನಕ ಭಜನಿ ನಿಂದರಬಾರದು," ಎಂದ. ಕಾದ ಅಡಾಪ್ಟರ್ ತಣಿಸಲು ಅದರ ಮೇಲೆ ಹೊದಿಸಲೆಂದು ಒದ್ದೆ ಅರಿವೆ ಹಿಡಿದಿದ್ದ. ನನಗೆ ಮೈ ಉರಿದುಹೋಯಿತು. ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ಸ್ವಿಚ್ ಆರಿಸಿದಳು.

"ಆಯುಷ್ಯಪೂರ್ತಿ ಕರೆಂಟಿನ ಕೆಲಸಾ ಮಾಡಿದವರ ಫೋಟೋದ ಮುಂದ ಇಂಥಾ ಹುಚ್ಚಾಟ ಬ್ಯಾಡ್ರಿ."

ಪೇಟೆಗೆ ಹೋಗಿ, ಹಳೆಯದರಷ್ಟೇ ವೋಲ್ಟಿನ, ಅದೇ ಪಿನ್ನಿನ, ಹೆಚ್ಚು ಹೊರೆ ತಾಳುವ ಅಡಾಪ್ಟರ್ ಕೊಂಡು ಬಂದವನು ಬಾಗಿಲಲ್ಲೇ ನಿಂತೆ. ಭಜನೆ ನಿಂತ ಮನೆಯಲ್ಲಿ ಅವ್ವ, ಅಪ್ಪ ಹೋದಮೇಲೆ ಮೊದಲ ಸಲ, ದನಿ ತೆಗೆದು ಅಳುತ್ತಿದ್ದಳು.

ಹೊಸದನ್ನು ಹಚ್ಚೆಂದು ಕಾಕಾನೂ ಹೇಳಲಿಲ್ಲ.