ನನ್ನ ಎಡಗಾಲು ಕಾದವಳು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಜಗಲಿ ಮೇಲೆ ಕೂತು ನೆತ್ತಿಗೆ ಹರಳೆಣ್ಣೆ ಒತ್ತಿಕೊಳ್ಳುತ್ತಿದ್ದೆ. ಹೊರಗಿನಿಂದ ಬಂದ ಮೊಮ್ಮಗಳು ಪಕ್ಕದಲ್ಲೇ ನಿಂತು, ಬಾಟಲಿ ಅದುಮಿ, ಆ ಸ್ಪಿರಿಟ್ ವಾಸನೆಯ ನೀರನ್ನು ಕೈಗೆ ಉಜ್ಜಿಕೊಂಡಳು. ಹರಳೆಣ್ಣೆಯ ಜಿಡ್ಡು ವಾಸನೆ, ಸ್ಪಿರಿಟ್ಟಿನ ಚುರುಕು ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು ನೋಡಿ... ನಮ್ಮ ಹಿಂದುಗಡೆ ಮನೆಯಲ್ಲಿ ಬಾಡಿಗೆಗಿದ್ದವಳು ಎದುರಿಗೆ ಬಂದು ನಿಂತಂತಾಯಿತು. ಕೈಯಲ್ಲಿ ಹತ್ತಿ, ಹುಬ್ಬು ಗಂಟು.

ನಾನು ಅಳುಬುರುಕಿಯಲ್ಲ. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟೆ, ಅಷ್ಟೆ.

ನಾನು ಹುಟ್ಟಿದ್ದು ಸೋಸಲೆಯಲ್ಲಿ, ಕೊಟ್ಟಿದ್ದು ನಂಜನಗೂಡಿಗೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನಲವತ್ತು ವರ್ಷ ಸೊಪ್ಪಿನ ಮಂಕರಿ ತಲೆ ಮೇಲೆ ಹೊತ್ತು ಬೀದಿ ಬೀದಿ ಸುತ್ತಿದ್ದೇನೆ. ದಂಟು, ಕೀರೆ, ಸಬ್ಬಸಿಗೆ, ಮೆಂತ್ಯ... ನನ್ನ ಕೂಗು ಕೇಳಿದ ಮೇಲೆ ಒಲೆ ಹಚ್ಚುತ್ತಿದ್ದ ಮನೆಗಳೂ ಇದ್ದವು. ನಮ್ಮ ಮನೆ ಹಿಂದೆ ಒಂದು ಶೀಟಿನ ಮನೆ. ಅದಕ್ಕೆ ಗಂಡ ಹೆಂಡತಿ ಬಂದು ಸೇರಿದರು. ಗಂಡ ಊರಾಚೆ ಫ್ಯಾಕ್ಟರಿಯಲ್ಲಿದ್ದ, ಅವನ ಪಾಡಿಗೆ ಅವನು. ಇವಳಿಗೆ ಮೂವತ್ತರ ಆಸುಪಾಸು. ಸಣಕಲಿ. ಟಿ. ನರಸೀಪುರದ ಹುಡುಗಿ. ಒಂದು ದಿನ ನಾನು ಏಳುವ ಮೊದಲೇ ಮೈಸೂರು ಬಸ್ಸು ಹತ್ತಿ ಹೋಗಿರುತ್ತಿದ್ದಳು. ಆಮೇಲೆ ನಾಲ್ಕು ದಿನ ಮನೆಯಲ್ಲೇ. ಬಟ್ಟೆ ಒಗೆಯುವಾಗಲೂ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು.

ಅವಳನ್ನು ಸೋಮಾರಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಒಂದು ದಿನ ನಲ್ಲಿ ಹತ್ತಿರ ಎಲ್ಲರ ಎದುರಿಗೆ ಕೇಳಿಯೂಬಿಟ್ಟೆ.

“ಅಲ್ಲ ಕಣವ್ವ, ಒಂದಿನ ಓಯ್ತೀಯ, ನಾಕು ದಿನ ಮನೇಲಿರ್ತೀಯ. ಅದ್ಯಾವ ಸೀಮೆ ಕೆಲ್ಸ ನಿಂದು?”

“ಕರೆದ್ರೆ ಹೋಗೋ ಕೆಲ್ಸ ಅಜ್ಜಿ.”

“ವಾಲಗದೋರೂ ಕರುದ್ರೆ ಓಯ್ತಾರೆ. ನೀನೇನು ಊದೀಯೆ?”

ಎಲ್ಲರೂ ನಕ್ಕರು. ಅವಳೂ ನಕ್ಕು, “ನಾನು ಊದಲ್ಲ ಅಜ್ಜಿ, ನೋಡ್ತೀನಿ” ಅಂದಳು.

ಆ ನೋಡುವುದು ಎಂಥದು ಅಂತ ಆಮೇಲೆ ಅವಳೇ ಕೂರಿಸಿಕೊಂಡು ಹೇಳಿದಳು. ಕತ್ತು, ಬೆನ್ನುಮೂಳೆ ಕೊಯ್ಯುವಾಗ ಒಳಗಿನ ನರಕ್ಕೆ ಪೆಟ್ಟಾದರೆ ಮಲಗಿದವರಿಗೆ ಗೊತ್ತಾಗುವುದಿಲ್ಲವಂತೆ, ಮತ್ತಿನ ಮದ್ದು ಕೊಟ್ಟಿರುತ್ತಾರಲ್ಲ. ಡಾಕ್ಟರಿಗೂ ಗೊತ್ತಾಗುವುದಿಲ್ಲವಂತೆ. ಎಚ್ಚರವಾದ ಮೇಲೆ ಕಾಲು ಎತ್ತಲು ಹೋದರೆ ಕಾಲು ಬರುವುದಿಲ್ಲ, ಆಗ ತಿಳಿಯುತ್ತದೆ. ಹಾಗಾಗಬಾರದು ಅಂತ ಇವಳು ನೆತ್ತಿಗೆ, ಕೈಗೆ, ಕಾಲಿಗೆ ವೈರು ಸಿಕ್ಕಿಸಿ, ನೆತ್ತಿಯಿಂದ ಸಣ್ಣ ಕರೆಂಟು ಬಿಟ್ಟು, ಅದು ಕಾಲಿಗೆ ಬಂತೋ ಇಲ್ಲವೋ ಅಂತ ಟಿವಿಯಂಥ ಪರದೆಯಲ್ಲಿ ನೋಡುತ್ತಾ ಕೂರುವುದು. ಗೆರೆ ಎದ್ದರೆ ಸರಿ. ಗೆರೆ ಮಲಗಿದರೆ “ನಿಲ್ಲಿಸಿ” ಅನ್ನುವುದು.

“ಅಂಗನ್ನು ಮತ್ತೆ! ತೂಬು ಎತ್ತಿ, ಕೊನೆ ಗದ್ದೆಗೆ ನೀರು ಬಂತಾ ಅಂತ ನೋಡೋ ನೀರುಗಂಟಿ ಕೆಲ್ಸ” ಅಂದೆ.

“ಅದೇ ಕಣಜ್ಜಿ” ಅಂದಳು. ನನ್ನಪ್ಪನ ಗದ್ದೆ ನಾಲೆಯ ಕೊನೆಯಲ್ಲಿತ್ತು. ನೀರುಗಂಟಿ ಕಣ್ಣು ತಪ್ಪಿದರೆ ಪೈರು ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳವ್ವನಿಗೆ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಎರಡು ದಿನ ಇವಳೇ ನರಸೀಪುರಕ್ಕೆ ಹೋಗಿ ಅವ್ವನಿಗೆ ಡಯಾಲಿಸಿಸ್ ಮಾಡಿಸಿ ಬರುತ್ತಿದ್ದಳು. ಅದಕ್ಕೇ ಯಾವ ಆಸ್ಪತ್ರೆಗೂ ತಿಂಗಳ ಕೆಲಸಕ್ಕೆ ಸೇರದೆ, ಆಪರೇಷನ್ ಇರುವ ಕಡೆಯಿಂದ ಫೋನು ಬಂದರೆ ಹೋಗುವ ಕೆಲಸ ಹಿಡಿದಿದ್ದಳು. ಒಬ್ಬ ಡಾಕ್ಟರ ಮನಸ್ಸಿಗೆ ಬಾರದೆ ಹೋದರೆ ಆ ಕಡೆಯಿಂದ ಮತ್ತೆ ಫೋನು ಬರುವುದಿಲ್ಲ. ಅಂಥ ಕೆಲಸ.

ಆ ವರ್ಷವೇ ನನ್ನ ಬೆರಳು ಕೈಕೊಟ್ಟವು. ಸೊಪ್ಪಿನ ಕಟ್ಟಿಗೆ ಬಾಳೆನಾರು ಬಿಗಿಯಲು ಹೋದರೆ ಗಂಟು ಕೂರುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡೆ. ಒಂದು ಸಂಜೆ ಮಂಕರಿ ಹೊತ್ತು ಮನೆಗೆ ಬರುತ್ತಿದ್ದಾಗ ಹಿಂದಿನಿಂದ ಅವಳ ಕೂಗು.

“ಅಜ್ಜಿ, ಎಡಗಾಲ ಚಪ್ಪಲಿ ಎಲ್ಲಿ?”

ನೋಡಿಕೊಂಡರೆ ಬರಿಗಾಲು. ಚಪ್ಪಲಿ ಎಲ್ಲೋ ಹಿಂದೆ ಬಿದ್ದಿದೆ, ಕಾಲಿಗೆ ಸುದ್ದಿಯೇ ಇಲ್ಲ. ಅವಳು ಮಂಕರಿ ಇಳಿಸಿ, “ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಿ” ಅಂದಳು. ಮುಚ್ಚಿದೆ. ಕಡಿದ ಬಾಳೆಗಿಡದ ಹಾಗೆ ವಾಲಿದೆ. ಅವಳು ಹಿಡಿದುಕೊಳ್ಳದಿದ್ದರೆ ಹಲ್ಲು ಉದುರುತ್ತಿದ್ದವು. ಅವಳು ನಗಲಿಲ್ಲ. ಮಾರನೇ ದಿನವೇ ನನ್ನ ಸೊಸೆಯನ್ನೂ ನನ್ನನ್ನೂ ಮೈಸೂರಿಗೆ ಹೊರಡಿಸಿದಳು.

ಸ್ಕ್ಯಾನು ನೋಡಿ ಡಾಕ್ಟರು ಹೇಳಿದ್ದು ಇಷ್ಟು: ಕತ್ತಿನ ಮೂಳೆ ಸವೆದು ಒಳಗಿನ ನರದ ಹುರಿಯನ್ನು ಅಮುಕುತ್ತಿದೆ, ಬಿಡಿಸಬೇಕು.

“ಆಪರೇಸನ್ ಮಾಡುದ್ರೆ ಕಾಲು ಓಗಲ್ವಾ ಸಾ?”

“ಹೋದರೂ ಹೋಗಬಹುದಮ್ಮ. ಮಾಡದಿದ್ದರಂತೂ ಖಂಡಿತ ಹೋಗುತ್ತದೆ.”

ನೇರವಾಗಿ ಹೇಳಿದರು, ನನಗೆ ಹಿಡಿಸಿತು. ಸಾಯುವುದಕ್ಕೆ ನಾನು ಹೆದರಿರಲಿಲ್ಲ. ಮಲಗಿದ ಕಡೆಯೇ ಎಲ್ಲ ಮಾಡಿಕೊಂಡು, ಒಂದು ಮಗ್ಗುಲು ಹೊರಳಲಿಕ್ಕೂ ಸೊಸೆಯ ಕೈ ಕಾಯುತ್ತಾ ಬಿದ್ದಿರುವ ಬದುಕಿಗೆ ಹೆದರಿದ್ದೆ. ಕಾಲು ಉಳಿಯಬೇಕು. ಉಳಿದದ್ದು ಏನಾದರೂ ಆಗಲಿ.

ಆ ದಿನಕ್ಕೆ ನರ ನೋಡಲು ಕರೆ ಹೋದದ್ದು ಅವಳಿಗೇ. ಮೂರು ದಿನ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದಳು. ಸೀಗೆಕಾಯಿ ಹಾಕಿ ತಲೆ ತೊಳೆದುಕೊಳ್ಳಿ, ಎಣ್ಣೆ ಸೋಕಿಸಬೇಡಿ, ನೆತ್ತಿಗೆ ವೈರು ಅಂಟಿಸಿ ಕರೆಂಟು ಬಿಡಬೇಕು.

ಆ ಮಾತಿನಲ್ಲಿ ನನ್ನ ತಲೆಗೆ ಹೋದದ್ದು ಕರೆಂಟು ಒಂದೇ. ಕರೆಂಟು ಅಂದರೆ ಕಾವು. ನೆತ್ತಿಗೆ ಕಾವು ಏರುವುದಾದರೆ ಹರಳೆಣ್ಣೆ ಇಡಬೇಕು. ಬಾಣಂತಿಗಾಗಲಿ, ಜ್ವರದಲ್ಲಿ ಮಲಗಿದವರಿಗಾಗಲಿ, ಮದುವೆಗೆ ಕೂತ ಹುಡುಗಿಗಾಗಲಿ, ನಮ್ಮ ಮನೆಯಲ್ಲಿ ನೆತ್ತಿ ತಂಪು ಮಾಡದೆ ಯಾರನ್ನೂ ಕಳಿಸಿದ್ದಿಲ್ಲ. ಓದಿದ ಹುಡುಗಿಗೆ ಇದೆಲ್ಲ ಏನು ಗೊತ್ತು ಅಂದುಕೊಂಡೆ. ಆಸ್ಪತ್ರೆಗೆ ಸೇರುವಾಗ ಸೀರೆ ಮಡಿಕೆಯಲ್ಲಿ ಸಣ್ಣ ಬಾಟಲಿ ಇಟ್ಟುಕೊಂಡು ಹೋದೆ. ಆಪರೇಷನ್ ದಿನ ಬೆಳಿಗ್ಗೆ, ಸೊಸೆ ಕಾಫಿಗೆ ಹೋದದ್ದೇ ತಡ, ಬಚ್ಚಲಿಗೆ ಹೋಗಿ ಪೂರ್ತಿ ಬಾಟಲಿ ತಲೆಗೆ ಬಗ್ಗಿಸಿಕೊಂಡೆ. ಮೇಲೆ ಆಸ್ಪತ್ರೆಯವರು ಕೊಟ್ಟ ಟೋಪಿ. ಯಾರಿಗೂ ಕಾಣಲಿಲ್ಲ.

ಆಪರೇಷನ್ ಕೋಣೆಯ ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಹಸಿರು ಬಟ್ಟೆ ಹಾಕಿಕೊಂಡು ಮುಖ ಮುಚ್ಚಿಕೊಂಡಿದ್ದರೂ ಅವಳ ಕಣ್ಣು ಗುರುತು ಹಿಡಿದೆ. ಅವಳು ನನ್ನ ಟೋಪಿ ತೆಗೆದಳು. ಕೈ ಹಾಗೇ ನಿಂತಿತು.

“ಏನಜ್ಜಿ ಇದು?”

“ಎಣ್ಣೆ.”

“ಎಷ್ಟು ಸಲ ಹೇಳಿದ್ದೆ?”

“ಮೂರು ಸಲ. ಕರೆಂಟು ಬುಡ್ತೀನಿ ಅಂದ್ಯಲ್ಲ ತಾಯಿ. ಕಾವು ಏರಕಿಲ್ವಾ?”

ಒಬ್ಬ ನರ್ಸಮ್ಮ ಕಿಸಕ್ಕನೆ ನಕ್ಕಳು. ಎಣ್ಣೆ ಮೇಲೆ ವೈರು ಕೂರುವುದಿಲ್ಲ, ಕೂತರೂ ಸರಿಯಾಗಿ ಕಾಣುವುದಿಲ್ಲ ಅಂತ ಆಗ ತಿಳಿಯಿತು. ಡಾಕ್ಟರು ಗಡಿಯಾರ ನೋಡಿ, “ಬಿಡಮ್ಮ, ಇವತ್ತು ಮೆಷಿನ್ ಇಲ್ಲದೇ ಮಾಡೋಣ. ಇನ್ನೂ ಇಬ್ಬರು ಕಾಯ್ತಿದ್ದಾರೆ” ಅಂದರು.

“ಅರ್ಧ ಗಂಟೆ ಕೊಡಿ ಸರ್.”

“ಆಮೇಲೂ ಆಗದಿದ್ರೆ?”

“ಆಗದಿದ್ರೆ ಏನೂ ಕಾಣ್ತಿಲ್ಲ ಅಂತಲೇ ಬರೀತೀನಿ ಸರ್. ಕಾಣದೇ ಇರೋದನ್ನ ಕಾಣ್ತಿದೆ ಅನ್ನಕ್ಕಾಗಲ್ಲ.”

ಕರೆದರೆ ಮಾತ್ರ ಬರುವವಳು, ಕರೆಯುವವರ ಎದುರಿಗೆ ಹಾಗಂದಳು. ನಾನು ಬೇರೆಯವರನ್ನು ಸುಲಭಕ್ಕೆ ಮೆಚ್ಚುವವಳಲ್ಲ. ಆದರೆ ಆ ಹೊತ್ತಿಗೆ ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಡಾಕ್ಟರು ಹೂಂ ಅಂದು ಹೊರಗೆ ಹೋದರು.

ಅವಳು ನನ್ನ ತಲೆ ಹಿಡಿದು ಕೂತಳು. ಹೇನು ನೋಡುವ ಹಾಗೆ ಕೂದಲು ಬಿಡಿಸಿ ಬಿಡಿಸಿ, ಸ್ಪಿರಿಟ್ಟಿನ ಹತ್ತಿಯಲ್ಲಿ ಬುಡ ಉಜ್ಜಿದಳು. ಒಂದು ಹತ್ತಿ ಬಿಸಾಡುವುದು, ಇನ್ನೊಂದು ತೆಗೆಯುವುದು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕೊನೆಗೆ ಮೆಷಿನ್ ನೋಡಿ, “ಸರ್ ಬರಬಹುದು” ಅಂದಳು. ಆಮೇಲೆ ಮೂಗಿಗೆ ಏನೋ ಹಿಡಿದರು...

ಮುಂದಿನದನ್ನು ನನಗೆ ಹೇಳಿದವಳು ಆ ನಕ್ಕ ನರ್ಸಮ್ಮನೇ. ಎರಡು ಗಂಟೆ ಎಲ್ಲ ಸರಿಯಿತ್ತಂತೆ. ಆಮೇಲೆ ನನ್ನ ಎಡಗಾಲಿನ ಗೆರೆ ಸಣ್ಣದಾಗುತ್ತಾ ಬಂದು ಮಲಗೇಬಿಟ್ಟಿತಂತೆ. ಇವಳು “ನಿಲ್ಲಿಸಿ ಸರ್” ಅಂದಳಂತೆ. ಡಾಕ್ಟರು, “ಎಣ್ಣೆ ತಲೆ ಅಲ್ವೇನಮ್ಮ, ವೈರ್ ಜಾರಿರುತ್ತೆ” ಅಂದರಂತೆ. ಯಾರಿಗಾದರೂ ಹಾಗೇ ಅನ್ನಿಸಬೇಕು. ನಾನೇ ಹಾಕಿಕೊಟ್ಟ ದಾರಿ ಅದು.

ಇವಳು ನೆಲಕ್ಕೆ ಮಂಡಿಯೂರಿ ಟೇಬಲ್ಲಿನ ಬಟ್ಟೆಯಡಿ ನುಗ್ಗಿ, ನೆತ್ತಿಯಿಂದ ಕಾಲಿನವರೆಗೆ ಒಂದೊಂದೇ ವೈರು ಮುಟ್ಟಿ ನೋಡಿ ಎದ್ದು ಬಂದಳಂತೆ. “ವೈರೆಲ್ಲ ಸರಿ ಇದೆ ಸರ್. ನೆತ್ತಿ ವೈರ್ ಜಾರಿದ್ರೆ ಕೈದೂ ಕಾಲಿಂದೂ ಎಲ್ಲಾ ಗೆರೆ ಕೆಡಬೇಕಿತ್ತು. ಎಡಗಾಲೊಂದೇ ಹೋಗಿದೆ. ಇದು ಎಣ್ಣೆ ಅಲ್ಲ ಸರ್, ಅಜ್ಜಿ ಕಾಲು” ಅಂದಳಂತೆ.

ಡಾಕ್ಟರು ಕೈಯಲ್ಲಿದ್ದುದನ್ನು ಕೆಳಗಿಟ್ಟರಂತೆ. ಮತ್ತಿನ ಮದ್ದು ಕೊಡುವ ಡಾಕ್ಟರು, ನರಕ್ಕೆ ರಕ್ತ ಹರಿಯಲಿ ಅಂತ ನನ್ನ ಬಿಪಿ ಏರಿಸಿದರಂತೆ. ಕತ್ತಿಗೆ ಹಾಕಿದ್ದ ಬಿಗಿ ಸ್ವಲ್ಪ ಸಡಿಲ ಮಾಡಿ, ಎಲ್ಲರೂ ಕೈಕಟ್ಟಿ ಕಾದರಂತೆ. ಗೆರೆ ಬರಲಿಲ್ಲ. ಇನ್ನೂ ಕಾದರು. ಆಮೇಲೆ ಇರುವೆ ತಲೆ ಎತ್ತಿದ ಹಾಗೆ ಒಂದು ಚೂರು ಎದ್ದಿತಂತೆ. ಇನ್ನೊಂದು ಚೂರು...

ಎಷ್ಟು ಸಲ ಯೋಚಿಸಿದ್ದೇನೆ ಇದನ್ನು. ಎಪ್ಪತ್ತರ ಹತ್ತಿರದ ಮೈ ನನ್ನದು, ಅದರ ಮೂಲೆ ಮೂಲೆಯೂ ಗೊತ್ತು ಅಂದುಕೊಂಡಿದ್ದೆ. ನನ್ನ ಕಾಲು ನನ್ನನ್ನು ಬಿಟ್ಟು ಹೊರಟ ಹೊತ್ತಿನಲ್ಲಿ ಅದು ಗೊತ್ತಾದದ್ದು ನನಗಲ್ಲ, ಹಿಂದುಗಡೆ ಮನೆಯ ಬಾಡಿಗೆಯವಳಿಗೆ. ದೇವರು ದಿಂಡರಲ್ಲಿ ನಂಬಿಕೆ ಇದೆ ನನಗೆ. ಆದರೆ ದೇವರು ಕೂಡ ನನ್ನ ಕಾಲನ್ನು ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡಿಲ್ಲ.

ಎಚ್ಚರವಾದಾಗ ಮೊದಲು ಕೇಳಿದ್ದು ಅವಳ ದನಿ. “ಅಜ್ಜಿ, ಎಡಗಾಲ ಹೆಬ್ಬೆರಳು ಆಡ್ಸಿ.” ಆಡಿಸಿದೆ. “ಇನ್ನೊಂದ್ಸಲ.” ಆಡಿಸಿದೆ. ಅವಳು ಆಚೆ ಹೋದಳು. ಹೋಗಿ ಬಾಗಿಲ ಪಕ್ಕ ನೆಲದ ಮೇಲೆ ಕೂತು, ಎರಡು ಬನ್ನು ತಿಂದು ನೀರು ಕುಡಿದಳಂತೆ. ಬೆಳಿಗ್ಗೆಯಿಂದ ಉಪವಾಸ.

ಮೂರು ತಿಂಗಳಿಗೆ ನಾನು ನಡೆದೆ. ಮಂಕರಿ ಹೊರುವುದು ನಿಂತಿತು, ತಳ್ಳುಗಾಡಿ ಬಂತು. ಅವಳ ಹತ್ತಿರ ತಪ್ಪಾಯಿತು ಅನ್ನಲು ಎಷ್ಟೋ ಸಲ ಬಾಯಿಯವರೆಗೆ ಬಂತು, ಬಾಯಿ ದಾಟಲಿಲ್ಲ. ಎಳೇ ಸೊಪ್ಪು ಆರಿಸಿ ಅವಳ ಬಾಗಿಲಿಗೆ ಇಟ್ಟು ಬರುತ್ತಿದ್ದೆ. ಒಂದು ಸಲ ಮಾತ್ರ ಕೇಳಿದೆ.

“ಅವತ್ತು ನೀನೂ ಎಣ್ಣೆ ಅಂತ್ಲೇ ಏಳಿ ಸುಮ್ನಾಗಿದ್ರೆ?”

“ಎಲ್ರೂ ಒಪ್ಕೊಳ್ಳೋರು ಅಜ್ಜಿ” ಅಂದಳು. ಸೊಪ್ಪಿನ ಕಟ್ಟು ಬಿಚ್ಚುತ್ತಾ, “ನೀವೂ ಒಪ್ಕೊಳ್ತಿದ್ರಿ” ಅಂದಳು.

ಅದು ನಿಜ. ನನ್ನ ಹಣೆಬರಹ ಅಂದುಕೊಂಡು ಮಲಗಿರುತ್ತಿದ್ದೆ.

ಆಮೇಲೆ ಅವಳವ್ವ ತೀರಿಕೊಂಡರು. ಗಂಡನಿಗೆ ಬೇರೆ ಕಡೆ ಕೆಲಸವಾಯಿತು, ಮನೆ ಖಾಲಿ ಮಾಡಿದರು. ಅವಳ ನಂಬರು ಮಗನ ಹಳೇ ಫೋನಿನಲ್ಲಿತ್ತು. ಆ ಫೋನೂ ಹೋಯಿತು. ವರ್ಷಗಳು ಹೋದವು...

ಆ ಭಾನುವಾರ ಎಣ್ಣೆ, ಸ್ಪಿರಿಟ್ಟು ಒಟ್ಟಿಗೆ ಮೂಗಿಗೆ ಬಡಿದ ಮೇಲೆ ನನಗೆ ಕೂರಲಾಗಲಿಲ್ಲ. ಸೋಮವಾರ ಬೆಳಿಗ್ಗೆ ತಲೆ ತೊಳೆದುಕೊಂಡು ಒಬ್ಬಳೇ ನರಸೀಪುರದ ಬಸ್ಸು ಹತ್ತಿದೆ. ಅವಳ ಅಣ್ಣನದು ಪಂಕ್ಚರ್ ಅಂಗಡಿ ಅಂತ ಯಾವಾಗಲೋ ಹೇಳಿದ್ದಳು. ನಾಲ್ಕು ಅಂಗಡಿ ವಿಚಾರಿಸಿ, ಐದನೆಯದರಲ್ಲಿ ಅದೇ ಹುಬ್ಬಿನ ಒಬ್ಬ ಗಂಡಸು ಸಿಕ್ಕಿದ. ಹೇಳಿದೆ, ನಂಜನಗೂಡಿನ ಸೊಪ್ಪಿನಜ್ಜಿ ನಾನು, ನಿನ್ನ ತಂಗಿಯನ್ನು ನೋಡಬೇಕು.

ಅವನು ಟ್ಯೂಬು ಕೆಳಗಿಟ್ಟ. “ಅವ್ಳು ಇಲ್ಲ ಅಜ್ಜಿ” ಅಂದ.

ಕರೋನಾ ಎರಡನೇ ಸಲ ಬಂದಾಗ ಹೋದಳಂತೆ. ಗಾಡಿಯಿಂದ ಬಿದ್ದು ಕತ್ತು ಮುರಿದುಕೊಂಡವನೊಬ್ಬನ ಆಪರೇಷನ್ನಿಗೆ ಕರೆ ಬಂದಿತ್ತಂತೆ. “ಬೇಡ ಕಣೇ, ಸುಮ್ನಿರು ಅಂದೆ. ಕರ್ದವ್ರೆ ಕಣಣ್ಣ ಅಂತ ಹೊಂಟೋದ್ಲು” ಅಂದ. ಹತ್ತು ಹದಿನೈದು ದಿನದಲ್ಲಿ ಎಲ್ಲ ಮುಗಿದಿತ್ತಂತೆ. ಆ ಕತ್ತಿನವನು ಏನಾದ ಅಂತ ಕೇಳಿದೆ. ಗೊತ್ತಿಲ್ಲ ಅಂದ.

ಕುರ್ಚಿ ಕೊಟ್ಟ, ಟೀ ತರಿಸಿದ. ಕುಡಿಯುತ್ತಿದ್ದಾಗ ಅವನೇ ಕೇಳಿದ. “ಅವ್ಳು ಆಸ್ಪತ್ರೇಲಿ ಏನ್ ಕೆಲ್ಸ ಮಾಡ್ತಿದ್ಲು ಅಂತ ನಮ್ಗೆ ಸರಿಯಾಗಿ ಗೊತ್ತಾಗ್ಲೇ ಇಲ್ಲ ಅಜ್ಜಿ. ಟಿವಿ ನೋಡ್ತಾ ಕೂರೋ ಕೆಲ್ಸ ಅಂತ ನಗಾಡ್ತಿದ್ವಿ.”

ಹೇಳಿದೆ. ಹರಳೆಣ್ಣೆಯಿಂದ ಹಿಡಿದು ಎಲ್ಲ ಹೇಳಿದೆ. ನನ್ನ ತಪ್ಪು ಯಾವುದು ಅಂತಲೂ ಹೇಳಿದೆ, ಅವಳ ಎದುರಿಗೆ ಹೇಳದೆ ಉಳಿದದ್ದು. ಗಾಡಿ ಬಿಟ್ಟು ನಿಂತಿದ್ದ ಗಿರಾಕಿಯೂ ಕೇಳುತ್ತಾ ನಿಂತುಬಿಟ್ಟ. ಅಣ್ಣ ಗ್ರೀಸು ಕೈಯನ್ನು ಒರೆಸುತ್ತಲೇ ಇದ್ದ, ಕೈ ಕ್ಲೀನಾದ ಮೇಲೂ ಒರೆಸುತ್ತಿದ್ದ.

ನಾನು ಎದ್ದೆ. “ಇರಿ ಅಜ್ಜಿ, ಆಟೋ ಕರೀತೀನಿ, ಬಸ್ ಸ್ಟ್ಯಾಂಡಿಗೆ ಬಿಡ್ತಾನೆ” ಅಂದ.

“ಬ್ಯಾಡ ಕಣಪ್ಪ, ನಡೀತೀನಿ” ಅಂದೆ.

ಅವನು ಅಂಗಡಿ ಬಾಗಿಲಿಗೆ ಬಂದು ನಿಂತ. ನನ್ನ ಕಾಲನ್ನೇ ನೋಡುತ್ತಿದ್ದಾನೆ ಅಂತ ತಿರುಗಿ ನೋಡದೆಯೇ ಗೊತ್ತಾಯಿತು. ಬಿರಬಿರನೆ ಹೋಗಬಹುದಿತ್ತು, ಬಸ್ಸಿಗೆ ಹೊತ್ತೂ ಆಗಿತ್ತು. ಆದರೂ ಬೇಕಂತಲೇ, ರಸ್ತೆ ತಿರುಗುವ ತನಕ, ನಿಧಾನವಾಗಿ ನಡೆದೆ.