ನೆಂಟರಿಗೆ ಮುದ್ದೆ ಇಕ್ಕುವುದಿಲ್ಲ

ಪರಂಪರೆ ಎಂಬುದು ಸಮಾಜದ ಬೆನ್ನೆಲುಬು. ಪಾಂಡವಪುರದಲ್ಲಿ ನನ್ನ ಮೊಮ್ಮಗಳು ಓದುವ ನಾಲ್ಕನೇ ತರಗತಿಯ ಮುಂದೆ ನಿಂತು ಈಚೆಗೆ ಈ ಮಾತನ್ನು ಗಂಭೀರವಾಗಿ ಹೇಳಿದೆ. ಮುಂದಿನ ಬೆಂಚಿನ ಒಬ್ಬ ಆಕಳಿಸಿದ. ಅವನ ಪಕ್ಕದವನು ಊಟದ ಬೆಲ್ಲು ಎಷ್ಟೊತ್ತಿಗೆ ಎಂದು ಕೇಳಿದ.

ಕೇಳಿದ್ದು ಸರಿಯಾಗಿಯೇ ಇತ್ತು. ಆ ಕ್ಲಾಸಿನಲ್ಲಿ ಪರಂಪರೆ ಓಡಾಡುತ್ತಿದ್ದುದೇ ಊಟದ ಡಬ್ಬಿಯಲ್ಲಿ. ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ವಿಜಯಪುರದ ಕಡೆಯಿಂದ ಬಂದ ಭಾಗ್ಯಶ್ರೀ ಒಂದು ದಿನ ಎಲ್ಲರಿಗೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಂಚಿದ್ದಳು. ಬದಲಿಗೆ ಸೌದೆ ಒಲೆಯ ರಾಗಿಮುದ್ದೆ ಉಣಿಸುತ್ತೇವೆಂದು ಕ್ಲಾಸು ಮಾತು ಕೊಟ್ಟಿತ್ತು. (ಮಾತು ಕೊಟ್ಟವರಲ್ಲಿ ಬಹಳಷ್ಟು ಜನ ನೂಡಲ್ಸ್ ಪಂಗಡದವರು.) ಟೀಚರ್ ಸುಜಾತಾ ಮೇಡಂ ಇದಕ್ಕೆ 'ಸಾಂಸ್ಕೃತಿಕ ವಿನಿಮಯ' ಎಂದು ಹೆಸರಿಟ್ಟು ಒಂದು ವ್ಯಾನು ಗೊತ್ತು ಮಾಡಿದರು.

ಸೌದೆ ಒಲೆ ಈಗ ಎಲ್ಲಿದೆ? ಕಿಕ್ಕೇರಿಯ ಆಚೆ, ನಾನು ಹುಟ್ಟಿದ ಮನೆಯಲ್ಲಿದೆ. ಅಣ್ಣನ ಹೆಂಡತಿ ನಿಂಗಮ್ಮ ಗ್ಯಾಸನ್ನು ಇವತ್ತಿಗೂ ಕಾಫಿಗೆ ಮಾತ್ರ ನಂಬುತ್ತಾರೆ. ಫೋನು ಮಾಡಿ, ಮಕ್ಕಳನ್ನು ಊಟಕ್ಕೆ ಕರೆತರುತ್ತೇನೆ ಎಂದೆ. ಮುದ್ದೆ ಎಂದು ಬಿಡಿಸಿ ಹೇಳಲಿಲ್ಲ. ಹೇಳಬೇಕೆಂದು ಯಾರಿಗೆ ಹೊಳೆದೀತು?

ಹೋಗಿ ನೋಡಿದರೆ ನಡುಮನೆಯ ಉದ್ದಕ್ಕೂ ಬಾಳೆ ಎಲೆ. ಅನ್ನ, ತಿಳಿಸಾರು, ಹಪ್ಪಳ, ಪಾಯಸ.

"ಮುದ್ದೆ?" ಎಂದರು ಮೇಡಂ.

"ಅಯ್ಯೋ, ಮನೆಗ್ ಬಂದ ಮಕ್ಳಿಗೆ ಮುದ್ದೆ ಇಕ್ಕಾರಾ?" ಅತ್ತಿಗೆಗೆ ನಿಜವಾಗಿ ನೋವಾಗಿತ್ತು. "ಒಂದಿಡಿ ಅಕ್ಕಿಗೂ ಗತಿ ಇಲ್ವಾ ಅಂತ ಊರೋರು ಆಡ್ಕೊಳಾಕಿಲ್ವಾ?"

ಮೇಡಂ ಕ್ಯಾಲ್ಸಿಯಂ ಎಂದರು, ನಾರಿನಂಶ ಎಂದರು, ಸಿರಿಧಾನ್ಯ ಎಂದರು. ಅತ್ತಿಗೆ ಎಲ್ಲವನ್ನೂ ಗೌರವದಿಂದ ಕೇಳಿಸಿಕೊಂಡರು.

"ಅದೆಲ್ಲ ನೀವು ಓದ್ದೋರು ಯೋಳ್ಬೇಕು ಮೇಡಂ. ನೆಂಟ್ರಿಗೆ ಅನ್ನ, ಮನೆಯೋರ್ಗೆ ಮುದ್ದೆ. ನಮ್ಮತ್ತೆ ಕಾಲ್ದಿಂದ್ಲೂ ಇಂಗೇ."

ಇದಕ್ಕೇನು ಹೇಳುತ್ತೀರಿ? ಪರಂಪರೆ ಕಲಿಯಲು ಹೋದವರಿಗೆ ಪರಂಪರೆಯೇ ಅಡ್ಡ ನಿಂತಿತ್ತು. ಅತ್ತಿಗೆಯದೊಂದೇ ಅಲ್ಲ, ನಮ್ಮೆಲ್ಲರ ಕಥೆಯೂ ಅದೇ. ರಸ್ತೆಬದಿ ಹೋಟೆಲಿನಲ್ಲಿ ಮುದ್ದೆ ಊಟಕ್ಕೆ ಕ್ಯೂ ನಿಲ್ಲುತ್ತೇವೆ, ಮುದ್ದೆ ನಮ್ಮ ಹೆಮ್ಮೆ ಎಂದು ಭಾಷಣ ಬಿಗಿಯುತ್ತೇವೆ. ಬೀಗರು ಬಂದರೆ ಮಾತ್ರ ಮುದ್ದೆಯ ಪಾತ್ರೆಯನ್ನು ಒಲೆಯ ಹಿಂದಕ್ಕೆ ತಳ್ಳುತ್ತೇವೆ.

ಭಾಗ್ಯಶ್ರೀ ಎಲೆಯ ಮುಂದೆ ಕೂರಲೇ ಇಲ್ಲ.

"ಅಜ್ಜಿ, ಅನ್ನ ನಮ್ಮನ್ಯಾಗೂ ಐತ್ರಿ. ನಾ ಮುದ್ದಿ ಉಣ್ಣಾಕ ಬಂದೇನಿ."

"ನೀನು ನೆಂಟ್ರ ಮಗು ಕಣವ್ವ."

"ಮನಿ ಮಂದಿ ಆಗಬೇಕಂದ್ರ ಏನ್ ಮಾಡಬೇಕ್ರಿ?"

ಅತ್ತಿಗೆ ನಕ್ಕರು. "ಗೇಯ್ಬೇಕು. ಕೊಟ್ಗೆ ಗುಡ್ಸು, ದನಕ್ ಮೇವಾಕು, ಆಮ್ಯಾಕ್ ನೋಡಾನ."

ತಮಾಷೆಗೆ ಅಂದದ್ದು. ಹುಡುಗಿ ಮೂಲೆಯ ಪೊರಕೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಅವಳ ಹಿಂದೆ ನೂಡಲ್ಸ್ ಪಂಗಡವೂ ಹೋಯಿತು. ಸಗಣಿ ನೋಡಿ ಮೂಗು ಹಿಡಿದವರು ಆಮೇಲೆ ಬುಟ್ಟಿ ಹಿಡಿದರು. ಒಂದಷ್ಟು ಮಕ್ಕಳು ಕಬ್ಬಿನ ಸೋಗೆ ಎಳೆತಂದು ಹಾಕಿದರು. ಮೇಡಂ ಸೆರಗು ಸಿಕ್ಕಿಸಿ ದನ ಕುಡಿಯುವ ಬಾನಿಗೆ ನೀರು ತುಂಬಿದರು.

"ಸಾಕ್ ಬುಡ್ರವ್ವ, ಅನ್ನ ಆರೋಯ್ತದೆ," ಎಂದು ಅತ್ತಿಗೆ ಗೋಗರೆದರು.

"ಇನ್ನೊಂದ್ ಮೂಲಿ ಉಳದೈತ್ರಿ ಅಜ್ಜಿ," ಎಂದಿತು ಕೊಟ್ಟಿಗೆಯೊಳಗಿನ ದನಿ.

ನನಗೂ ನಾಚಿಕೆಯಾಗಿ ಜಗಲಿಯಿಂದ ಎದ್ದೆ. "ನೀವ್ ಸುಮ್ಕೆ ಕೂತ್ಕಳಿ, ಪ್ಯಾಂಟು ಕೊಳೆಯಾಯ್ತದೆ," ಎಂದರು ಅತ್ತಿಗೆ. ಹಿರಿಯರ ಮಾತು ಮೀರಬಾರದೆಂದು ಕೂತೆ.

ಕೊನೆಗೆ ಅತ್ತಿಗೆ ಒಲೆಗೆ ಸೌದೆ ತುರುಕಿ ಎಸರಿಟ್ಟರು. ಮುದ್ದೆ ಕೋಲು ಕೆಳಗಿಳಿಯಿತು. ಮನೆಯವರಿಗೆಂದು ಮಾಡಿಟ್ಟಿದ್ದ ಬಸ್ಸಾರು ಹೊರಗೆ ಬಂತು. ಭಾಗ್ಯಶ್ರೀ ಮೊದಲ ತುತ್ತನ್ನು ರೊಟ್ಟಿಯಂತೆ ಅಗಿಯತೊಡಗಿದಳು.

"ಅಗೀಬ್ಯಾಡ ಕಣವ್ವ, ಸಾರ್ನಲ್ಲಿ ಅದ್ದಿ ನುಂಗು," ಎಂದರು ಅತ್ತಿಗೆ.

ನುಂಗಿದಳು. ಕಣ್ಣಲ್ಲಿ ನೀರು ಬಂತು. ಇನ್ನೊಂದು ತುತ್ತು ಮುರಿದಳು.

ಅವತ್ತು ಕೈಕಾಲು ತೊಳೆದು ಬಂದವರಿಗೆಲ್ಲ ತಟ್ಟೆಯಲ್ಲಿ ಮುದ್ದೆ ಸಿಕ್ಕಿತು. ನನಗೆ ಬಾಳೆ ಎಲೆಯಲ್ಲಿ ಅನ್ನ ಬಡಿಸಿದರು.