ಪಟ್ಟಲಮ್ಮನ ಸಗಣಿ ಗ್ಯಾಸು

ನಮ್ಮಕ್ಕ ಪಟ್ಟಲಮ್ಮ ಇದುವರೆಗೆ ಒಂದೇ ಒಂದು ಗ್ಯಾಸ್ ಸಿಲಿಂಡರ್ ತೆಗೆದುಕೊಂಡವಳಲ್ಲ. ಕೆರಗೋಡಿನ ಆಚೆ ನಮ್ಮೂರು. ಅವಳನ್ನು ಊರೊಳಗೇ ದೊಡ್ಡಸಿದ್ದಯ್ಯನಿಗೆ ಕೊಟ್ಟಿದ್ದು. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ ಅಷ್ಟೇ. ಮೂವತ್ತು ವರ್ಷಕ್ಕೂ ಹಿಂದೆ ಭಾವ ಸರ್ಕಾರದ ಸಹಾಯದಲ್ಲಿ ಬಾವಿಯಂಥ ಗುಂಡಿ ತೋಡಿಸಿ, ಅದರ ಮೇಲೆ ಕಬ್ಬಿಣದ ಡ್ರಮ್ಮು ಕವುಚಿ ಗೋಬರ್ ಗ್ಯಾಸ್ ಮಾಡಿಸಿದ. ಸಗಣಿಗೆ ಅಷ್ಟೇ ನೀರು ಹಾಕಿ ಕದಡಿ ಬಿಟ್ಟರೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ಮೇಲೇಳುತ್ತದೆ. ಅಲ್ಲಿಂದ ಪೈಪು ಅಡಿಗೆಮನೆಗೆ. ಉಳಿದ ಬಗ್ಗಡ ಗದ್ದೆಗೆ.

ಆಗ ಊರಲ್ಲಿ ಹನ್ನೊಂದು ಮನೆಯವರು ಮಾಡಿಸಿದ್ದರು. ಸಿಲಿಂಡರ್ ಬಂದ ಮೇಲೆ ಹತ್ತು ಮನೆಯವರು ಬಿಟ್ಟರು. ಒಬ್ಬರ ಗುಂಡಿಯಲ್ಲಿ ಈಗ ಬಾಳೆ ಇದೆ. ನಾನೂ ಎರಡು ಸಿಲಿಂಡರ್ ಇಟ್ಟುಕೊಂಡು, ಸಗಣೀಲಿ ಕೈಯಾಡಿಸಿದ ಕೈಯಲ್ಲೇ ಮುದ್ದೆ ಕಟ್ಟುತ್ತಾಳೆ ಅಂತ ಅಕ್ಕನನ್ನು ಆಡಿಕೊಂಡವನೇ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಭಾವ ತೀರಿಕೊಂಡ ಮೇಲೂ ಎರಡು ಹಸು ಸಾಕಿಕೊಂಡು ಅದೇ ನೀಲಿ ಉರಿಯಲ್ಲಿ ಬೇಯಿಸಿದಳು. ಆದರೆ ವರ್ಷಕ್ಕೊಂದು ಸಲ ಡ್ರಮ್ಮಿಗೆ ಬಣ್ಣ ಬಳಿಯುತ್ತಿದ್ದವನು ಭಾವ. ಅವನಿಲ್ಲದೆ ತುಕ್ಕು ಹತ್ತಿತು. ಮಂಡ್ಯದಿಂದ ವೆಲ್ಡಿಂಗ್‌ನವನನ್ನು ಕರೆತಂದರೆ, ತಗಡು ಹಪ್ಪಳ ಆಗೋಗೈತೆ, ಬೆಸುಗೆ ನಿಲ್ಲಲ್ಲ ಅಂತ ಹೇಳಿ ಹೋದ. ಉರಿ ದಿನದಿನಕ್ಕೆ ಇಳಿಯಿತು. ಅನ್ನಕ್ಕಿಟ್ಟರೆ ಸಾರಿಗಿಲ್ಲ.

ಅದೇ ಹೊತ್ತಿಗೆ ಪಂಚಾಯ್ತಿಯಲ್ಲಿ ಒಂದು ಸಭೆ ಆಯಿತು. ಒಬ್ಬ ಸಾಹೇಬರು ಬಂದು, ಎಣ್ಣೆ, ಗ್ಯಾಸು ಎಲ್ಲ ಹೊರದೇಶದಿಂದ ಹಡಗಲ್ಲಿ ಬರಬೇಕು, ಅಲ್ಲಿ ಜಗಳವಾದರೆ ಇಲ್ಲಿ ಒಲೆ ಆರುತ್ತೆ, ನಿಮ್ಮ ಕೊಟ್ಟಿಗೆಯಲ್ಲೇ ಗ್ಯಾಸಿದೆ, ಸಹಾಯಧನ ಕೊಡುತ್ತೇವೆ ಅಂದರು. ನನಗೆ ಖುಷಿಯಾಯಿತು. ಇಡೀ ಊರಲ್ಲಿ ಆ ಮಾತಿನ ಹಾಗೆ ಬಾಳಿದವಳು ನಮ್ಮಕ್ಕ ಒಬ್ಬಳೇ ಅಲ್ಲವೇ. ಮಾರನೇ ದಿನವೇ ಅವಳ ಆಧಾರ್ ಕಾರ್ಡು ಹಿಡಿದುಕೊಂಡು ಹೋದೆ.

ಗುಮಾಸ್ತ ಶಶಿಧರ್ ಕಂಪ್ಯೂಟರ್ ನೋಡಿ, ಈ ಮನೆಗೆ ಹಿಂದೆಯೇ ಕೊಟ್ಟಾಗಿದೆ, ಒಂದು ಮನೆಗೆ ಒಂದೇ ಸಲ ಅಂದ. ರಿಪೇರಿಗಾದರೂ ಕೊಡು ಅಂದೆ. ರಿಪೇರಿಗೆ ಕಾಲಂ ಇಲ್ಲವಂತೆ. ನನಗೆ ಪಿತ್ತ ನೆತ್ತಿಗೇರಿತು. ಹಂಗಾದರೆ ಯಾರಿಗಯ್ಯಾ ಕೊಡ್ತೀಯ ಅಂತ ಮೇಜು ಗುದ್ದಿದೆ.

"ಇಲ್ದೇ ಇರೋರ್ಗೆ ಕಣಣ್ಣ. ಇರೋರ್ಗೆ ಯಾಕ್ ಕೊಟ್ಟಾರು?"

ಮಾತೇನೋ ಸರಿಯಾಗಿಯೇ ಕೇಳಿಸಿತು. ದಾರಿಯುದ್ದಕ್ಕೂ ಅದನ್ನೇ ತಿರುಗಿಸಿ ಹಾಕಿದೆ. ಇದ್ದರೆ ಕೊಡಲ್ಲ, ಇಲ್ಲದಿದ್ದರೆ ಕೊಡುತ್ತಾರೆ. ಹಾಗಾದರೆ ಇಲ್ಲದ ಹಾಗೆ ಮಾಡಿದರಾಯಿತು. ಅಕ್ಕ ಕಳೆ ಕೀಳಲು ಗದ್ದೆಗೆ ಹೋಗಿದ್ದಳು. ಅಕ್ಕಪಕ್ಕದವರಿಗೆ ಯಾರೂ ಬೀಡಿ ಹಚ್ಚಬೇಡಿ ಅಂತ ಕೂಗಿ ಹೇಳಿ, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಡ್ರಮ್ಮು ಎಳೆದೆ. ಅದು ಅರ್ಧಕ್ಕೆ ಬಂದು ಹರಿದು ಎರಡು ತುಂಡಾಯಿತು. ಹಿತ್ತಲೆಲ್ಲ ನಾತ.

ಅಕ್ಕ ಬಂದವಳು ಕುಡುಗೋಲು ಕೆಳಗಿಟ್ಟು ಗುಂಡಿಯನ್ನೇ ನೋಡುತ್ತ ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಮೆಲ್ಲಗೆ ಅಂದಳು:

"ನಿನ್ ಕ್ವಾಪದಲ್ಲಿ ಒಲೆ ಅತ್ಕೊಳಂಗಿದ್ರೆ ಊರ್ಗೆಲ್ಲಾ ಅಡ್ಗೆ ಮಾಡ್ಬೋದಾಗಿತ್ತು ಕಣ್ಲಾ ದೇವ್ರಾಜ."

ಶಶಿಧರ್ ನೋಡಲು ಬಂದ. ಗುಂಡಿ ಸುತ್ತ ಒಂದು ಸುತ್ತು ಹಾಕಿ ತಲೆ ಕೆರೆದುಕೊಂಡ. ಡ್ರಮ್ಮು ಕೀಳಬಹುದು, ಪಟ್ಟಿಯಲ್ಲಿರೋ ಹೆಸರು ಕೀಳೋಕೆ ತನ್ನ ಕೈಲಿ ಆಗಲ್ಲ ಅಂದ. ಈಗ ಅಕ್ಕನಿಗೆ ಕಾಗದದಲ್ಲಿ ಗ್ಯಾಸಿದೆ, ಹಿತ್ತಲಲ್ಲಿ ಇಲ್ಲ. ಯಾರಿಗೆ ಬೈಯಬೇಕೋ ಗೊತ್ತಾಗದೆ ಅವನಿಗೇ ಬೈದು ಕಳಿಸಿದೆ. ಅವನದೇನು ತಪ್ಪು ಅಂತ ಆಮೇಲೆ ಅನ್ನಿಸಿತು.

ಎರಡು ತಿಂಗಳು ಅಕ್ಕ ಸೌದೆ ಊದಿದಳು. ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನಮ್ಮ ಸಿಲಿಂಡರ್ ಒಂದನ್ನು ಗೋಡೆ ದಾಟಿಸಿದರೆ ಮುಟ್ಟಲಿಲ್ಲ. ಊಟ ಕಳಿಸಿದರೆ ಪಾತ್ರೆ ಹಾಗೇ ವಾಪಸ್ಸು. ನನ್ನ ಹೆಂಡತಿ ವನಜಾ ಒಂದು ಬೆಳಗ್ಗೆ ಕಾಫಿ ಲೋಟ ಕುಕ್ಕಿ ಅಂದಳು: "ಕೆಡ್ಸಿದ್ದು ನೀವು. ಅತ್ಸೋದೂ ನೀವೇ. ನಮ್ಮನೇಲಿ ಸಗಣಿ ಗ್ಯಾಸು ಯಾವತ್ತೂ ಇರ್ಲಿಲ್ವಲ್ಲ, ನಿಮ್ಮೆಸ್ರಲ್ಲೇ ಬರ್ಕೊಡಿ."

ಅರ್ಜಿ ಬರೆದುಕೊಟ್ಟೆ. ಮೂರೇ ವಾರದಲ್ಲಿ ಮಂಜೂರು. ಇಷ್ಟು ಸಲೀಸಾಗಿ ಒಂದು ಕೆಲಸ ಆಗಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಮ್ಮ ಹಿತ್ತಲಲ್ಲಿ ಇಟ್ಟಿಗೆ, ಸಿಮೆಂಟಿನ ಹೊಸ ಗುಂಡಿ ಎದ್ದಿತು. ಮೊದಲ ಸಲ ತುಂಬಿಸಲು ಗಾಡಿಗಟ್ಟಲೆ ಸಗಣಿ ಬೇಕು. ಅಕ್ಕ ಕರೆಯದೆಯೇ ಗೋಡೆ ದಾಟಿ ಬಂದು, ಮೊಣಕೈತನಕ ಕೈಬಿಟ್ಟು ಹದ ನೋಡಿ, ನೀರು ಜಾಸ್ತಿ ಹುಯ್ದೆ ಅಂತ ನನಗೆ ಉಗಿದಳು. ಹಳೇ ಗುಂಡಿಯ ತಳದಲ್ಲಿ ಉಳಿದಿದ್ದ ಬಗ್ಗಡವನ್ನು ಎಂಟು ಬಕೆಟ್ ಹೊತ್ತುತಂದು ಹೆಪ್ಪು ಹಾಕಿದ ಹಾಗೆ ಹಾಕಿದಳು. ಎರಡು ವಾರ ಕಳೆಯುವಷ್ಟರಲ್ಲಿ ಉರಿ ಬಂತು.

ಸಾಹೇಬರು ಜೀಪಲ್ಲಿ ಬಂದು ನನ್ನನ್ನು ಒಲೆ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದರು. ಮೊದಲು ಯಾವುದರಲ್ಲಿ ಅಡಿಗೆ ಅಂತ ಕೇಳಿದರು. ಸಿಲಿಂಡರ್ ಅಂದೆ. ವೆರಿ ಗುಡ್ ಅಂದು ಬರೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನೂ ಕೇಳಿದರು.

"ಸೌದೇಲಿ ಸ್ವಾಮಿ. ಅದುಕ್ ಮುಂಚೆ ಮೂವತ್ ವರ್ಸ ಸಗಣಿ ಗ್ಯಾಸು."

ಪೆನ್ನು ಹಾಳೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಎಲ್ಲಿ ಬರೆಯಬೇಕೋ ತಿಳಿಯಲಿಲ್ಲವೇನೋ. ಮುಚ್ಚಿ ಜೇಬಿಗಿಟ್ಟುಕೊಂಡರು.

ಜೀಪು ಬೀದಿ ತಿರುಗಿದ ಮೇಲೆ ನಾನೂ ವನಜಾನೂ ಪೈಪು ಬಿಚ್ಚಿ ಗೋಡೆ ಮೇಲೆ ಹಾಯಿಸಿ ಅಕ್ಕನ ಒಲೆಗೆ ಸಿಕ್ಕಿಸಿದೆವು. ಎರಡೂ ಮನೆಗೆ ಸಾಲುವಷ್ಟು ಸಗಣಿ ನಮ್ಮೆರಡು, ಅವಳೆರಡು, ಒಟ್ಟು ನಾಲ್ಕು ಹಸುವಿನಿಂದ ಆಗುವುದಿಲ್ಲ. ಹಾಗಾಗಿ ಹೊರದೇಶದ ಗ್ಯಾಸು ಬಿಟ್ಟವನು ಅಂತ ಪಟ್ಟಿಯಲ್ಲಿರುವ ನಾನು ಮೊನ್ನೆ ಸಿಲಿಂಡರ್ ಬುಕ್ ಮಾಡಿದೆ. ಅದನ್ನು ಮುಟ್ಟದೆಯೇ ಬಾಳಿದ ಅಕ್ಕನ ಹೆಸರು ಹೊಸ ಪಟ್ಟಿಯಲ್ಲಿಲ್ಲ. ಇದರಲ್ಲಿ ದೇಶಕ್ಕೆ ಉಳಿದದ್ದು ಎಷ್ಟು, ಯಾರಿಂದ ಉಳಿಯಿತು, ನಾನು ಮಾಡಿದ್ದು ಮೋಸವೋ ನ್ಯಾಯವೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುತ್ತಿಲ್ಲ. ಅಕ್ಕನನ್ನು ಕೇಳಿದೆ. ಅವಳು ಕಾಳು ಬೇಯಲು ಇಟ್ಟಿದ್ದಳು. ಆಮೇಲ್ ಬಾ, ಈಗ ತಲೆ ತಿನ್ಬ್ಯಾಡ ಅಂತ ಹೇಳಿ ಉರಿ ಸಣ್ಣ ಮಾಡಿದಳು.